ಜಪದ ಬಾಲ

ಸೆಪ್ಟೆಂಬರ್ 4

ಅಪ್ಪಾ,

ನಿಮ್ಮ ಕಾರ್ಡು ಸೋಮವಾರ ಕೈಗೆ ಬಂತು. ಕೆಮ್ಮು ಕಡಿಮೆಯಾಗಿದೆ ಎಂದು ಬರೆದಿದ್ದೀರಿ. ಆದರೆ ಅಕ್ಷರ ಮೂರು ಕಡೆ ಜಾರಿದೆ, ಹಾಗಾಗಿ ಅರ್ಧ ಮಾತ್ರ ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಕೋಣೆಯ ಕಿಟಕಿಗೆ ಕೊನೆಗೂ ಚಿಲಕ ಹಾಕಿಸಿದೆ.

ಈ ಸಲ ಬರೆಯುವುದಕ್ಕೆ ಒಂದು ಕಾರಣವಿದೆ. ಆರನೇ ತರಗತಿಯ ಧರ್ಮೋಪದೇಶದ ಪಾಠ ನನ್ನ ತಲೆಗೆ ಬಂದಿದೆ. ಇದುವರೆಗೆ ನನಗೆ ಗಣಿತ ಮಾತ್ರ ಇತ್ತು. ಆ ಪಾಠ ಮಾಡುತ್ತಿದ್ದ ಸಿಸ್ಟರ್‌ಗೆ ಮಂಡಿಯ ಆಪರೇಷನ್ ಆಯಿತು. ಹೆಡ್‌ಮಿಸ್ ನನ್ನನ್ನು ಕರೆದು, "ನಿಮಗೆ ಇದೆಲ್ಲ ಗೊತ್ತೇ ಇದೆಯಲ್ಲ" ಎಂದರು. ಒಂಬತ್ತು ವರ್ಷ ಕನ್ಯಾಸ್ತ್ರೀಯಾಗಿದ್ದು ಬಿಟ್ಟು ಬಂದವಳು ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದು ಮಾತ್ರ ಅದನ್ನೇ. ಒಪ್ಪಿಕೊಂಡೆ. ಭಾನುವಾರದ ಬಲಿಪೂಜೆ, ಆ ಪೂಜೆಯ ಕ್ರಮ, ಹಿಂದಿನಿಂದ ಬಂದ ಪ್ರಾರ್ಥನೆಗಳು, ಇಷ್ಟು ಪಾಠ. ವಾರಕ್ಕೆ ಮೂರು ಪೀರಿಯಡ್, ಮೂವತ್ತೊಂದು ಮಕ್ಕಳು.

ಮೊದಲ ದಿನ ನನ್ನ ಬಿಳಿ ಹಾಸಿಗೆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸ್ಟೀಲ್ ಲೋಟವನ್ನು ಪೂಜಾಪಾತ್ರೆ ಮಾಡಿ, ಎರಡು ಮೇಣದಬತ್ತಿ ಇಟ್ಟೆ. ಯಾವುದು ಎಲ್ಲಿರಬೇಕು ಎಂದು ಕೇಳಿದರೆ ಎಲ್ಲರಿಗೂ ಗೊತ್ತು. ಅದೇ ತೊಂದರೆ. ಪೂಜೆಯಲ್ಲಿ ಫಾದರ್ ಹೇಳುವ ಮಾತನ್ನು ನಾನು ಅರ್ಧ ಹೇಳುವಷ್ಟರಲ್ಲಿ ಜನರ ಉತ್ತರವನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಬಿಡುತ್ತಾರೆ. ಪೂಜೆಯ ನಡುವೆ ವಿಶ್ವಾಸಿಗಳ ಪ್ರಾರ್ಥನೆ ಬರುತ್ತದಲ್ಲ, ಜನ ತಮಗೆ ಬೇಕಾದ್ದನ್ನು ಕೇಳಿಕೊಳ್ಳುವ ಜಾಗ, ಅದಕ್ಕೆ ಒಬ್ಬೊಬ್ಬರೂ ಒಂದೊಂದು ಬರೆಯಿರಿ ಎಂದೆ. ಇಪ್ಪತ್ತಾರು ಮಕ್ಕಳು "ಲೋಕದ ಆಡಳಿತಗಾರರಿಗಾಗಿ" ಎಂದು ಬರೆದರು. ಯಾವ ಆಡಳಿತಗಾರರು ಎಂದು ಕೇಳಿದೆ. "ಗೊತ್ತಿಲ್ಲ ಮಿಸ್, ಅಚ್ಚು ಹಾಕಿರೋ ಹಾಳೇಲಿ ಯಾವಾಗ್ಲೂ ಅವರೇ ಇರ್ತಾರೆ" ಎಂದಿತು ಒಂದು ಮಗು.

ಆಗ ನಮ್ಮ ಮನೆಯ ಸಂಜೆ ಜಪ ನೆನಪಾಯಿತು. ಜಪಸರದ ಹತ್ತು ಹತ್ತು ಮಣಿಗಳ ಐದು ಸುತ್ತು ಮುಗಿದ ಮೇಲೆ ಅಮ್ಮ ಏಳಲು ಬಿಡದೆ ಒಬ್ಬೊಬ್ಬರಿಗಾಗಿ ಒಂದೊಂದು ನಮೋ ಮರಿಯಾ ಪ್ರಾರ್ಥನೆ, ಮೊದಲರ್ಧ ತಾನು ಹೇಳಿ ಉತ್ತರ ನಮ್ಮಿಂದ ಹೇಳಿಸುತ್ತಿದ್ದಳಲ್ಲ, ಅದಕ್ಕೆ ಅವಳೇ "ಬಾಲ" ಎಂದು ಹೆಸರಿಟ್ಟಿದ್ದಳು. ನನ್ನ ಮಂಡಿ ನೋಯುತ್ತಿದ್ದದ್ದು ಜಪದಿಂದ ಅಲ್ಲ, ಬಾಲದಿಂದ. ಮಕ್ಕಳನ್ನು ಕೇಳಿದೆ, ಬಹಳ ಮನೆಗಳಲ್ಲಿ ಬಾಲ ಇದೆ. ಮನೆಯ ಬಾಲವನ್ನು ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದು ತನ್ನಿ, ಯಾವುದನ್ನು ಯಾರು ಸೇರಿಸಿದರು, ಯಾಕೆ ಸೇರಿಸಿದರು, ಅದನ್ನೂ ಬರೆಯಿರಿ ಎಂದು ಮನೆಗೆಲಸ ಕೊಟ್ಟೆ. ನಾನೂ ನನ್ನ ಮನೆಯದನ್ನು ತರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ನನಗೆ ಅಲ್ಲೊಂದು ಇಲ್ಲೊಂದು ನೆನಪಿದೆ, ಕ್ರಮ ತಪ್ಪುತ್ತದೆ. ನೀವು ಬರೆದು ಕಳಿಸಿ. ಅಮ್ಮನನ್ನು ಕೇಳಬೇಕಾಗಿಲ್ಲ, ಸಂಜೆ ಕೂತಾಗ ಕೇಳಿಸಿಕೊಂಡರೆ ಸಾಕು.

ನಿಮ್ಮ ಮಗಳು


ಸೆಪ್ಟೆಂಬರ್ 15

ಮಗಳೇ,

ಹಾಡಿನ ಪುಸ್ತಕಗಳ ಅಂಚು ಕತ್ತರಿಸಿ ಉಳಿದ ಪಟ್ಟಿಯ ಮೇಲೆ ಬರೆಯುತ್ತಿದ್ದೇನೆ, ಉದ್ದ ಜಾಸ್ತಿ ಅಗಲ ಕಡಿಮೆ, ಬೈಯಬೇಡ. ನಮ್ಮ ಫಾದರ್ ಗುಡಿಯ ಹಾಡಿನ ಪುಸ್ತಕ ಎಂಬತ್ತು ಕಳಿಸಿದ್ದಾರೆ ಬೈಂಡಿಂಗ್‌ಗೆ. ಎಲ್ಲದರಲ್ಲೂ ಹರಿದಿರುವುದು ಮೊದಲ ಹತ್ತು ಹಾಳೆ. ಕೊನೆಯ ಹಾಡುಗಳನ್ನು ನಮ್ಮ ಜನ ಮುಟ್ಟಿಯೇ ಇಲ್ಲ.

ನೀನು ಹೇಳಿದ ಕೆಲಸ ಮಾಡಿದೆ. ಜಪಕ್ಕೆ ಕೂತಾಗ ಪೆನ್ಸಿಲ್ ಮಂಡಿಯ ಕೆಳಗೆ ಇಟ್ಟುಕೊಂಡು, ಬಾಲ ಶುರುವಾದಾಗ ಗುರುತು ಹಾಕಿಕೊಂಡೆ. ನಿನ್ನ ಅಮ್ಮನಿಗೆ ಕಣ್ಣು ಮುಚ್ಚಿದ್ದಾಗ ಇನ್ನೂ ಚೆನ್ನಾಗಿ ಕಾಣುತ್ತದೆ. "ಜಪ ಮಾಡ್ತಿದ್ದೀರೋ, ಚಿತ್ರ ಬಿಡಿಸ್ತಿದ್ದೀರೋ?" ಎಂದು ಜಪಕ್ಕೆ ಬಂದ ಅಕ್ಕಪಕ್ಕದ ಮನೆಯವರೆಲ್ಲರ ಮುಂದೆ ಕೇಳಿದಳು. ನಾನು ಮರುದಿನ ಉಳಿದರ್ಧ ಬರೆದುಕೊಂಡೆ.

ಮೊದಲನೆಯದು ಪೋಪರಿಗೆ, ಅದು ನಿನ್ನ ಮುತ್ತಜ್ಜನ ಕಾಲದ್ದು. ಎರಡನೆಯದು ಅಜ್ಜ ಅಜ್ಜಿಯ ಆತ್ಮಗಳಿಗೆ. ಮೂರನೆಯದು ನೆನೆಯುವವರು ಯಾರೂ ಇಲ್ಲದ ಆತ್ಮಗಳಿಗೆ, ಸೇರಿಸಿದ್ದು ನನ್ನ ಅಮ್ಮ. ನಾಲ್ಕನೆಯದು ನನ್ನ ಬೆರಳಿಗೆ. ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿದ್ದು ನಿನಗೆ ನಾಲ್ಕು ವರ್ಷವಿದ್ದಾಗ. ಬೆರಳು ವಾಸಿಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು, ಪ್ರಾರ್ಥನೆ ನಿಂತಿಲ್ಲ. ಐದನೆಯದು ಮೂಲೆಮನೆಯ ನರ್ಸ್ ರಾತ್ರಿಪಾಳಿಯಿಂದ ಕ್ಷೇಮವಾಗಿ ಮನೆ ಸೇರಲಿ ಎಂದು. ಆಕೆ ನಿವೃತ್ತಿಯಾಗಿ, ಈಗ ನಮ್ಮ ಚಾಪೆಯ ಮೇಲೇ ಕೂತು ತನ್ನ ಕ್ಷೇಮಕ್ಕೆ ತಾನೇ ಉತ್ತರ ಹೇಳುತ್ತಾಳೆ. 

ಆರನೆಯದು ದರ್ಜಿಯ ಆತ್ಮಶಾಂತಿಗೆ. ಇದು ನೀನು ಕಾನ್ವೆಂಟಿಗೆ ಹೋದ ವರ್ಷ ಸೇರಿದ್ದು, ನಿನಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ಎದುರುಮನೆಯ ದರ್ಜಿ ದೂರದ ಊರಿನ ಕಾರ್ಖಾನೆಗೆ ಹೊಲಿಗೆಗೆ ಹೋಗಿದ್ದ. ಅಲ್ಲಿ ಬೆಂಕಿ ಬಿದ್ದು ಸತ್ತ ಎಂದು ಯಾರೋ ಬಂದು ಹೇಳಿದರು, ಗುಡಿಯಲ್ಲಿ ಪೂಜೆಯೂ ಆಯಿತು, ಅಮ್ಮ ಬಾಲಕ್ಕೆ ಸೇರಿಸಿದಳು. ಆರು ವರ್ಷದ ಮೇಲೆ ಮನುಷ್ಯ ಟೇಪು ಕೊರಳಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ. ಸತ್ತದ್ದು ಬೇರೆ ದರ್ಜಿ. ಅವತ್ತು ಸಂಜೆ ಅವನೂ ಜಪಕ್ಕೆ ಕೂತ. ಅಮ್ಮನ ನಾಲಿಗೆ ರೂಢಿಯಲ್ಲಿ ಓಡುತ್ತಿತ್ತು, ಆರನೆಯದನ್ನು ಹೇಳಿಯೇಬಿಟ್ಟಳು. ದರ್ಜಿ ತಲೆ ಬಗ್ಗಿಸಿ ಪೂರ್ತಿ ಉತ್ತರ ಹೇಳಿದ. ಆಮೇಲೆ ಅಮ್ಮ ತೆಗೆಯುತ್ತೇನೆ ಎಂದರೆ, "ಇರ್ಲಿ ಬಿಡಿ ಅಕ್ಕ, ಮುಂದೆ ಬೇಕೇ ಆಗುತ್ತಲ್ಲ" ಎಂದು ನಕ್ಕ. ಹಾಗೆ ಉಳಿದಿದೆ. ನಮ್ಮ ಮನೆಯಲ್ಲಿ ಸೇರಿಸಿದವರಿದ್ದಾರೆ, ತೆಗೆದವರಿಲ್ಲ.

ಏಳನೆಯದು ಬಿರುಗಾಳಿಗೆ ಸಿಕ್ಕವರಿಗೆ. ಯಾವ ಬಿರುಗಾಳಿ ಎಂದು ಯಾರಿಗೂ ನೆನಪಿಲ್ಲ. ಎಂಟನೆಯದು ನಮಗೆಲ್ಲ ಒಳ್ಳೆಯ ಮರಣ ಬರಲಿ ಎಂದು. ಅಷ್ಟೇ.

ಕೆಮ್ಮು ಇದೆ. ಮಾತ್ರೆಯೂ ಇದೆ. ಎರಡೂ ಒಂದನ್ನೊಂದು ಸಹಿಸಿಕೊಂಡಿವೆ.

ಅಪ್ಪ


ಸೆಪ್ಟೆಂಬರ್ 23

ಅಪ್ಪಾ,

ದರ್ಜಿಯ ಕಥೆಯನ್ನು ತರಗತಿಯಲ್ಲಿ ಓದಿ ಹೇಳಿದೆ. ಪಕ್ಕದ ತರಗತಿಯ ಮೇಷ್ಟ್ರು ಬಂದು ಬಾಗಿಲು ತಟ್ಟುವಷ್ಟು ನಗು. ಆಮೇಲೆ ಮಕ್ಕಳ ನಾಲಿಗೆ ಸಡಿಲವಾಯಿತು.

ಹಾಳೆಗಳು ಬಂದಿವೆ. ಒಂದು ಮನೆಯಲ್ಲಿ ಕಟ್ಟಡದ ಲಿಫ್ಟು ನಡುವೆ ನಿಲ್ಲದಿರಲಿ ಎಂದು ದಿನಾ ಒಂದು ನಮೋ ಮರಿಯಾ. ಅಜ್ಜಿ ಒಮ್ಮೆ ಅದರೊಳಗೆ ಸಿಕ್ಕಿಕೊಂಡಿದ್ದರಂತೆ. ಒಂದು ಮನೆಯಲ್ಲಿ ಹಡಗಿನಲ್ಲಿರುವ ಅಪ್ಪನಿಗೆ. ಒಬ್ಬ ತನ್ನ ನಾಯಿಗೆ ಎಂದು ಬರೆದು ಹೊಡೆದುಹಾಕಿದ್ದ. ಯಾಕೆ ಹೊಡೆದೆ ಎಂದರೆ, "ನಾಯಿಗೆ ಹೇಳ್ಬಹುದಾ ಅಂತ ಗೊತ್ತಿರ್ಲಿಲ್ಲ" ಎಂದ. ಮತ್ತೆ ಬರೆಸಿದೆ. ನಾಲ್ಕು ಮಕ್ಕಳು ನಮ್ಮ ಮನೆಯಲ್ಲಿ ಜಪವೇ ಇಲ್ಲ ಎಂದರು. ಅದನ್ನೇ ಬರೆಯಿರಿ, ಸುಮ್ಮನೆ ಹುಟ್ಟಿಸಿ ಬರೆಯಬೇಡಿ ಎಂದೆ. ಅವರಲ್ಲಿ ಒಬ್ಬಳು, "ನಮ್ಮಲ್ಲಿ ಜಪ ಇಲ್ಲ. ಆದರೆ ಅಮ್ಮ ಬೀಗ ಹಾಕುವಾಗ ದೇವರೇ ನೋಡಿಕೋ ಅನ್ನುತ್ತಾರೆ" ಎಂದು ಬರೆದಿದ್ದಾಳೆ. ನನಗೆ ಅಷ್ಟೂ ಹಾಳೆಗಳಲ್ಲಿ ಅದು ಬಹಳ ಹಿಡಿಸಿತು.

ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಎಲ್ಲರೂ ಅವಳನ್ನು ಪ್ರಶ್ನೆಪತ್ರಿಕೆ ಎಂದು ಕರೆಯುತ್ತಾರೆ, ಅವಳಿಗೂ ಅದರಲ್ಲಿ ಹೆಮ್ಮೆ. ಅವಳ ಹಾಳೆಯಲ್ಲಿ ಮೂರು ತುಂಬಿವೆ, ನಾಲ್ಕನೆಯ ಸಾಲಿಗೆ ಅಂಕೆ ಮಾತ್ರ ಇದೆ. ಬಿಡುವಿನಲ್ಲಿ ಬಂದು ಹೇಳಿದಳು. ಅವಳ ಅಪ್ಪ ಬೇರೆ ಮನೆ ಮಾಡಿ ಐದು ವರ್ಷವಾಗಿದೆ, ಅಲ್ಲಿ ಮಗುವೂ ಇದೆ. ಅಜ್ಜಿ ಮಾತ್ರ ಇನ್ನೂ ದಿನಾ ಅಪ್ಪ ಮನೆಗೆ ಬರಲಿ ಎಂದು ಹೇಳಿಸುತ್ತಾರೆ. "ಆಗಲ್ಲ ಅಂತ ಗೊತ್ತಾದ್ಮೇಲೂ ಕೇಳ್ತಾನೇ ಇರ್ಬೇಕಾ ಮಿಸ್? ಅಜ್ಜಿ ಮೊದಲರ್ಧ ಹೇಳ್ತಾರೆ. ಉತ್ತರ ನಾನು ಹೇಳ್ಬೇಕು." ನಾಳೆ ಹೇಳುತ್ತೇನೆ ಎಂದೆ. ಐದು ನಾಳೆಗಳು ಕಳೆದಿವೆ.

ಅಪ್ಪಾ, ನಿಮ್ಮ ಪಟ್ಟಿ ಎಂಟಕ್ಕೆ ನಿಂತಿದೆ. ನಾನು ಬಾಲವನ್ನು ಬೆರಳ ಮೇಲೆ ಎಣಿಸಿಕೊಂಡು ಕೂರುತ್ತಿದ್ದವಳು. ನಾನು ಕಾನ್ವೆಂಟಿನಿಂದ ರಜಕ್ಕೆ ಬರುತ್ತಿದ್ದ ವರ್ಷಗಳಲ್ಲಿ ಎಡಗೈಯ ಐದು, ಬಲಗೈಯ ನಾಲ್ಕು ಆಗಿ ಒಂದು ಬೆರಳು ಉಳಿಯುತ್ತಿತ್ತು. ಒಂಬತ್ತನೆಯದು ನನ್ನದು. ತೆಗೆದಿದ್ದೀರಾ? ತೆಗೆದಿದ್ದರೆ ಬೇಜಾರಿಲ್ಲ. ಇದೆಯೋ ಇಲ್ಲವೋ ಅಷ್ಟು ಬರೆಯಿರಿ.

ನಿಮ್ಮ ಮಗಳು


ಅಕ್ಟೋಬರ್ 10

ಮಗಳೇ,

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. ಅಂಗಡಿಯ ಅಂಟಿನ ಡಬ್ಬಿಯ ಕೆಳಗೆ ಇಟ್ಟಿದ್ದೆ, ದಿನಾ ಡಬ್ಬಿ ಎತ್ತುವಾಗ ಕಾಣುತ್ತಿತ್ತು. ಇವತ್ತು ಕೂತಿದ್ದೇನೆ.

ಇದೆ. ತೆಗೆದಿಲ್ಲ. ತೆಗೆದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಒಂದು ಮಾತೂ ಬದಲಾಗಿಲ್ಲ: "ಸಿಸ್ಟರ್ ಆಗಿರುವ ನಮ್ಮ ಮಗಳು ತನ್ನ ಕರೆಯಲ್ಲಿ ಸ್ಥಿರವಾಗಿ ನಿಲ್ಲಲಿ." ನೀನು ಬಿಟ್ಟು ಬಂದು ಮೂರು ವರ್ಷವಾದರೂ ಪ್ರತಿ ಸಂಜೆ ಅದೇ. ಜಪಕ್ಕೆ ಬರುವ ಮೂರು ಮನೆಯವರಿಗೆ ಅವಳು ಇನ್ನೂ ವಿಷಯ ಹೇಳಿಲ್ಲ. ನಿನ್ನ ಬಗ್ಗೆ ಕೇಳಿದರೆ, "ದೂರದ ಶಾಲೇಲಿ ಪಾಠ ಮಾಡ್ತಾಳೆ" ಎನ್ನುತ್ತಾಳೆ. ಸಿಸ್ಟರುಗಳೂ ಶಾಲೆಯಲ್ಲಿ ಪಾಠ ಮಾಡುತ್ತಾರಲ್ಲ. ನಿನ್ನ ಅಮ್ಮ ಸುಳ್ಳು ಹೇಳುವವಳಲ್ಲ. ನಿಜವನ್ನು ತನಗೆ ಬೇಕಾದ ಅಳತೆಗೆ ಕತ್ತರಿಸಿ ಕೊಡುತ್ತಾಳೆ.

ಒಮ್ಮೆ ನಾನು ಕೇಳಿದ್ದೆ. "ಅವಳು ಬಿಟ್ಟು ಬಂದಾಯ್ತಲ್ಲ, ಇನ್ನೂ ಅದನ್ನೇ ಹೇಳ್ತೀಯಲ್ಲ" ಎಂದೆ. "ದರ್ಜಿ ಬದುಕೇ ಇದಾನೆ, ಅವನದ್ದು ಹೇಳ್ತಾ ಇಲ್ವಾ?" ಎಂದಳು. ಮೊದಲಿನಿಂದಲೂ ವಾದದಲ್ಲಿ ನಾನು ಅವಳ ಮುಂದೆ ನಿಂತವನಲ್ಲ, ಅದು ನಿನಗೂ ಗೊತ್ತು.

ನೀನು ಬಿಟ್ಟದ್ದು ಯಾಕೆ ಎಂದು ನಾನು ಕೇಳಲಿಲ್ಲ. ಈಗಲೂ ಕೇಳುವುದಿಲ್ಲ. ಜೀವನಪೂರ್ತಿಗೆ ತೆಗೆದುಕೊಳ್ಳುವ ಕೊನೆಯ ವ್ರತಕ್ಕೆ ಮೊದಲೇ, ಕಾನ್ವೆಂಟಿನ ದೊಡ್ಡವರಿಗೆ ಹೇಳಿ, ಒಪ್ಪಿಗೆ ಪಡೆದು ಬಂದವಳು ನೀನು. ಓಡಿ ಬಂದವಳಲ್ಲ. ನನಗೆ ಅಷ್ಟು ಸಾಕು.

ಒಂದು ಮಾತು ಕೇಳುತ್ತೇನೆ. ನಿನ್ನ ಶಾಲೆಗೆ ಈ ತಿಂಗಳ ಕೊನೆಗೆ ರಜ ಅಂತೆ. ಎರಡು ದಿನಕ್ಕಾದರೂ ಬಂದು ಹೋಗು. ನಿನ್ನ ಕೋಣೆಯಲ್ಲಿದ್ದ ರಟ್ಟಿನ ಕಟ್ಟುಗಳನ್ನು ಅಂಗಡಿಗೆ ಸಾಗಿಸಿದ್ದೇನೆ, ಮಂಚ ಖಾಲಿ ಇದೆ.

ಅಪ್ಪ


ಅಕ್ಟೋಬರ್ 17

ಅಪ್ಪಾ,

ರಜ ಇದೆ. ಬರುವುದಿಲ್ಲ. ಯಾಕೆ ಎಂದು ನೀವು ಕೇಳದಿದ್ದರೂ ಈ ಸಲ ಬರೆದುಬಿಡುತ್ತೇನೆ.

ಮೂರು ವರ್ಷದ ಹಿಂದೆ ಬಣ್ಣದ ಬಟ್ಟೆ ಹಾಕಿಕೊಂಡು ಮನೆಗೆ ಬಂದೆನಲ್ಲ, ಅವತ್ತು ಅಮ್ಮ ಚಹಾ ಕೊಟ್ಟಳು. ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದು ಕೇಳಿದಳು. ಬೇರೇನೂ ಕೇಳಲಿಲ್ಲ. ತಲೆನೋವು, ಇವತ್ತು ಜಪ ಇಲ್ಲ ಎಂದು ಪಕ್ಕದವರಿಗೆ ಹೇಳಿ ಬಂದು ಮುಂಬಾಗಿಲು ಹಾಕಿದಳು. ಆಮೇಲೆ ನಾವು ಮೂವರೇ ಕೂತು ಜಪ ಮಾಡಿದೆವು. ಬಾಲದಲ್ಲಿ ಒಂಬತ್ತನೆಯದು ಬಂತು. ನಾನು ಎದುರಿಗೇ ಕೂತಿದ್ದೇನೆ, ಅಮ್ಮ ಹಳೆಯ ಮಾತನ್ನೇ ಹೇಳಿ, ಮೊದಲರ್ಧ ಹೇಳಿ, ನಿಲ್ಲಿಸಿದಳು. "ಸಂತ ಮರಿಯಾ" ಎಂದು ಉತ್ತರ ಶುರುಮಾಡಬೇಕಾದ್ದು ನಾನು. ನಾನು ಶುರುಮಾಡಲಿಲ್ಲ. ನೀವೊಬ್ಬರೇ ಹೇಳಿದಿರಿ. ಬೆಳಗಿನ ಬಸ್ಸಿಗೆ ನಾನು ಹೊರಟೆ.

ಮನೆಗೆ ಬಂದರೆ ಜಪಕ್ಕೆ ಕೂರಬೇಕು. ಕೂತರೆ ಉತ್ತರ ಹೇಳಬೇಕು. ನಾನು ಬಿಟ್ಟದ್ದನ್ನು ನಾನೇ ಮತ್ತೆ ಹಿಡಿಯಲಿ ಎಂದು ನನ್ನ ಬಾಯಲ್ಲೇ ದೇವರನ್ನು ಕೇಳಿಕೊಳ್ಳಲು ನನಗೆ ಬರುವುದಿಲ್ಲ. ಬಾಯಿಪಾಠ ಒಪ್ಪಿಸಬಹುದು. ಆದರೆ ಈ ಒಂದೂವರೆ ತಿಂಗಳು ಮೂವತ್ತೊಂದು ಮಕ್ಕಳಿಗೆ ನಾನು ಹೇಳಿಕೊಡುತ್ತಿರುವುದು ಒಂದೇ ಮಾತು: ಹೇಳುವುದನ್ನು ತಿಳಿದು ಹೇಳಿ, ಆಮೆನ್ ಎಂದರೆ ಒಪ್ಪಿದ್ದೇನೆ ಎಂದು ಅರ್ಥ. ಇದನ್ನು ಅವರಿಗೆ ಹೇಳಿ, ರಜದಲ್ಲಿ ಮನೆಗೆ ಬಂದು ಸುಮ್ಮನೆ ಆಮೆನ್ ಅನ್ನಲಾರೆ. ಅಮ್ಮನ ಮೇಲೆ ನನಗೆ ಸಿಟ್ಟಿದೆ, ಅದಕ್ಕಿಂತ ಜಾಸ್ತಿ ಅವಳನ್ನು ನೋಡಬೇಕು ಅನ್ನಿಸುತ್ತದೆ. ಎರಡೂ ನಿಜ.

ಪ್ರಶ್ನೆಪತ್ರಿಕೆಗೆ ಕೊನೆಗೂ ಉತ್ತರ ಹೇಳಿದೆ. "ನನಗೂ ಗೊತ್ತಿಲ್ಲ. ನನ್ನ ಮನೇಲೂ ಅಂಥದ್ದೊಂದು ಇದೆ" ಎಂದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಏನು ಬರೆಯಬೇಕು ಎಂದು ಅಜ್ಜಿಯ ಜೊತೆ ಮಾತುಕತೆ ನಡೆಯುತ್ತಿದೆಯಂತೆ, ಅಲ್ಲಿಯವರೆಗೆ ಖಾಲಿ ಇರಲಿ ಎಂದಳು.

ಮಕ್ಕಳ ಹಾಳೆಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡೋಣ ಎಂದು ಹೆಡ್‌ಮಿಸ್ ಒಪ್ಪಿದ್ದಾರೆ. ಬರುವ ತಿಂಗಳ ಶಾಲಾ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಅದರಿಂದಲೇ ಓದುತ್ತೇವೆ. ಬೈಂಡಿಂಗ್ ನೀವೇ ಮಾಡಬೇಕು. ಕಟ್ಟು ಬೇರೆ ಪಾರ್ಸೆಲ್‌ನಲ್ಲಿ ಬರುತ್ತದೆ. ನನ್ನ ಹಾಳೆಯೂ ಅದರಲ್ಲಿದೆ, ಕೊನೆಯದು.

ನಿಮ್ಮ ಮಗಳು


ನವೆಂಬರ್ 13

ಮಗಳೇ,

ಕಟ್ಟು ಸರಿಯಾಗಿ ಬಂತು. ಪುಸ್ತಕ ಆಗಿದೆ, ನೀಲಿ ಬಟ್ಟೆಯ ಬೆನ್ನು, ಗಟ್ಟಿ ರಟ್ಟು. ಎಂಬತ್ತು ಹಾಡಿನ ಪುಸ್ತಕವನ್ನು ಪಕ್ಕಕ್ಕಿಟ್ಟು ಇದನ್ನು ಮಾಡಿದ್ದಕ್ಕೆ ಫಾದರ್ ಮುಖ ಊದಿಸಿಕೊಂಡಿದ್ದಾರೆ. ಊದಿಸಿಕೊಳ್ಳಲಿ. ನಾಳೆ ಪಾರ್ಸೆಲ್ ಮಾಡುತ್ತೇನೆ. ನಡೆದದ್ದನ್ನು ಮಾತ್ರ ನಡೆದ ಹಾಗೆ ಬರೆಯುತ್ತೇನೆ.

ನನ್ನ ಅಂಗಡಿಯಲ್ಲಿ ಹಾಳೆ ಹೊಲಿಯುವ ಕೆಲಸ ಯಾವಾಗಲೂ ನಿನ್ನ ಅಮ್ಮನದು. ಆ ಕೆಲಸಕ್ಕೆ ನನ್ನ ಬೆರಳು ಬಗ್ಗುವುದಿಲ್ಲ. ಇದು ಮಗಳ ಶಾಲೆಯ ಕೆಲಸ ಎಂದು ಹೇಳಿಯೇ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಒಂದೊಂದೇ ಹಾಳೆ ಮಡಿಸುತ್ತ, ಮಡಿಸುವ ಮೊದಲು ಓದುತ್ತ ಹೋದಳು. ಲಿಫ್ಟಿನ ಅಜ್ಜಿಗೆ ನಕ್ಕಳು. ಬೀಗ ಹಾಕುವ ತಾಯಿಯ ಹಾಳೆ ಓದಿ, "ಇದೂ ಜಪಾನೇ" ಎಂದಳು. ನಾಲ್ಕನೆಯ ಸಾಲು ಖಾಲಿ ಬಿಟ್ಟವಳ ಹಾಳೆ ಬಂದಾಗ, ಇದೇನು ಎಂದು ಕೇಳಿದಳು. ನೀನು ಬರೆದದ್ದನ್ನು ಹೇಳಿದೆ. "ಅಜ್ಜಿಗೆ ಹಠ" ಎಂದಳು. ನಾನು ರಟ್ಟು ಅಳೆಯುತ್ತಿದ್ದೆ, ತಲೆ ಎತ್ತಲಿಲ್ಲ.

ಕೊನೆಗೆ ನಿನ್ನ ಹಾಳೆ. ಅದನ್ನು ತೆಗೆದಿಡಬೇಕೋ ಬೇಡವೋ ಎಂದು ನಾನು ಎರಡು ದಿನ ಯೋಚಿಸಿ ತೆಗೆದಿರಲಿಲ್ಲ. ಎಂಟನ್ನೂ ಓದಿದಳು. ಒಂಬತ್ತನೆಯದನ್ನೂ ಓದಿದಳು. ನೀನು ಬರೆದದ್ದು ನನಗೆ ಬಾಯಿಗೆ ಬರುತ್ತದೆ: "ಮಗಳು ತನ್ನ ಕರೆಯಲ್ಲಿ ಸ್ಥಿರವಾಗಿರಲಿ ಎಂದು. ಸೇರಿಸಿದ್ದು ಅಮ್ಮ, ಪ್ರೀತಿಯಿಂದ. ಇದಕ್ಕೆ ಉತ್ತರ ಹೇಳಲು ನನಗೆ ಬಂದಿಲ್ಲ." ಮಡಿಸಿ, ಉಳಿದವುಗಳ ಜೊತೆ ಇಟ್ಟು, ಹೊಲಿದಳು. ಹೊಲಿಗೆ ಎಲ್ಲೂ ಸಡಿಲವಿಲ್ಲ, ನೋಡಿದೆ.

ಅವತ್ತು ಸಂಜೆ ಎಲ್ಲರೂ ಬಂದರು. ಜಪ ಮುಗಿಯಿತು, ಬಾಲ ಶುರುವಾಯಿತು. ಆರನೆಯದನ್ನು ಅಮ್ಮ ಹೇಳಿದಳು, ಮೊದಲರ್ಧವೂ ಆಯಿತು. ಉತ್ತರದಲ್ಲಿ ದರ್ಜಿಯ ದನಿ ಇರಲಿಲ್ಲ. ಮುಗಿದ ಮೇಲೆ ಅವನು, "ಅಕ್ಕ, ನಂದೊಂದು ತೆಗೆದುಬಿಡ್ತೀರಾ?" ಎಂದ.

ಅಮ್ಮ ಕಣ್ಣು ಬಿಟ್ಟಳು. "ನೀನೇ ಇರ್ಲಿ ಅಂದಿದ್ದೆಯಲ್ಲ."

"ನಿಮಗೆ ನಾಚಿಕೆ ಆಗ್ಬಾರ್ದು ಅಂತ ಅಂದಿದ್ದೆ. ಮೊದಲನೇ ದಿನ ನನ್ನ ಸಾವಿಗೆ ನಾನೇ ಸಂತ ಮರಿಯಾ ಅಂದೆ. ಆರು ವರ್ಷದಿಂದ ದಿನಾ ಹೇಳ್ತಿದ್ದೀನಿ. ಊರಿಗೆ ಬಂದಿದ್ದೀನಿ ಅಂತ ನಂಗೆ ಇನ್ನೂ ಪೂರ್ತಿ ಅನ್ನಿಸಿಲ್ಲ ಅಕ್ಕ. ಇಲ್ಲಿ ಕೂತಾಗೆಲ್ಲ ಇನ್ನೂ ಅಲ್ಲೇ ಸತ್ತು ಬಿದ್ದಿದೀನಿ ಅನ್ಸುತ್ತೆ."

ಯಾರೂ ನಗಲಿಲ್ಲ. ನಾವು ಆರು ವರ್ಷ ಆ ವಿಷಯಕ್ಕೆ ನಕ್ಕವರು. ನನಗೆ ನಾಚಿಕೆಯಾಯಿತು, ಅದನ್ನು ಬರೆದುಬಿಡುತ್ತೇನೆ.

ಆಗ ನರ್ಸ್ ಬಾಯಿ ಹಾಕಿದಳು. "ಅವನದ್ದು ತೆಗೆಯೋದಾದ್ರೆ ಇನ್ನೊಂದೂ ಇದೆ. ಮಗಳು ಕಾನ್ವೆಂಟಲ್ಲಿ ಇಲ್ಲ ಅಂತ ನಮಗೆಲ್ಲ ಎರಡು ವರ್ಷದಿಂದ ಗೊತ್ತು ಕಣಮ್ಮ. ನೀನು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಆದ್ರೆ ಗೊತ್ತಿದ್ದೂ ಉತ್ತರ ಹೇಳ್ತಾ ಇದ್ದೀವಿ."

ಅಮ್ಮ ಅವಳನ್ನು ನೋಡಿದಳು, ದರ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಹೇಳಿಕೊಟ್ಟಿದ್ದೇನೆ ಎಂದುಕೊಂಡಳೋ ಏನೋ. ದೇವರಾಣೆ ನಾನು ಯಾರಿಗೂ ಹೇಳಿಲ್ಲ. ಆಮೇಲೆ ಏಳನೆಯದು ಹೇಳಿದಳು, ಎಂಟನೆಯದು ಹೇಳಿದಳು. ಒಂಬತ್ತಕ್ಕೆ ಬಾಯಿ ತೆರೆದು ಮುಚ್ಚಿದಳು. ಶಿಲುಬೆ ಗುರುತು ಹಾಕಿಕೊಂಡು ಎದ್ದು ಒಳಗೆ ಹೋದಳು.

ನಾಲ್ಕು ದಿನವಾಯಿತು. ಊಟಕ್ಕೆ ಕರೆಯುತ್ತಾಳೆ, ಕೆಲಸ ಮಾಡುತ್ತಾಳೆ, ಈ ವಿಷಯ ಎತ್ತುವುದಿಲ್ಲ. ನಾನೂ ಎತ್ತಿಲ್ಲ. ಇಷ್ಟು ನಡೆದಿದೆ.

ಅಪ್ಪ


ನವೆಂಬರ್ 19

ಅಮ್ಮಾ,

ಪುಸ್ತಕ ಬಂತು. ಮೂರು ವರ್ಷದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು, ಹಾಗಾಗಿ ಚಿಕ್ಕದಾಗಿರುತ್ತದೆ.

ನನ್ನ ಹಾಳೆಯನ್ನು ನೀನು ಓದಲಿ ಎಂದು ಹಾಕಿರಲಿಲ್ಲ ಎಂದು ಬರೆಯಲು ಕೂತೆ. ಅದು ಸುಳ್ಳು. ಹೊಲಿಯುವವಳು ನೀನೇ ಎಂದು ನನಗೆ ಗೊತ್ತಿತ್ತು.

ಮೊನ್ನೆ ಶಾಲಾ ಪೂಜೆಯಲ್ಲಿ ಮಕ್ಕಳು ಅದರಿಂದ ಓದಿದರು. ನಾಯಿಯೂ ಬಂತು, ಲಿಫ್ಟೂ ಬಂತು. ಇಲ್ಲಿಯ ಫಾದರ್ ಒಂದು ಸಲ ಕೆಮ್ಮಿದರು, ಆದರೆ ನಿಲ್ಲಿಸಲಿಲ್ಲ. "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂದು ಉತ್ತರ ಹೇಳುವಾಗ ಈ ಸಲ ಯಾರೂ ಮೊದಲೇ ಓಡಲಿಲ್ಲ. ಒಬ್ಬರು ಓದಿ ಮುಗಿಸುವವರೆಗೆ ಮೂವತ್ತು ಮಕ್ಕಳು ಕಾದರು. ನಾನು ಕಲಿಸಿದ್ದರಲ್ಲಿ ಇದೊಂದಾದರೂ ಅವರಿಗೆ ಉಳಿಯಲಿ.

ಪ್ರಶ್ನೆಪತ್ರಿಕೆಯ ನಾಲ್ಕನೆಯ ಸಾಲು ಇನ್ನೂ ಖಾಲಿಯೇ ಇದೆ. ಅವಳ ಸರದಿ ಬಂದಾಗ ಮೂರು ಓದಿ, "ನಾಲ್ಕನೆಯದು ಆಮೇಲೆ" ಎಂದಳು. ಅದಕ್ಕೂ ಎಲ್ಲರೂ ಉತ್ತರ ಹೇಳಿದರು.

ನೀನು ಹೇಗಿದ್ದೀಯ?

ನಿನ್ನ ಮಗಳು


ನವೆಂಬರ್ 27

ಮಗಳೇ,

ನನಗೆ ಅಪ್ಪನ ಹಾಗೆ ಉದ್ದುದ್ದ ಬರೆಯಲು ಬರುವುದಿಲ್ಲ. ಚೆನ್ನಾಗಿದ್ದೇನೆ. ಮಕ್ಕಳಿಗೆ ಮುಂದಿನ ಸಲ ಹಾಳೆಯ ಎಡಗಡೆ ಎರಡು ಬೆರಳು ಜಾಗ ಬಿಟ್ಟು ಬರೆಯಲು ಹೇಳು. ಹೊಲಿಗೆ ಹಾಕುವಾಗ ಅಕ್ಷರ ಒಳಗೆ ಹೋಗುತ್ತದೆ. ಹಡಗಿನವನ ಮಗನ ಹಾಳೆಯಲ್ಲಿ ಅಪ್ಪ ಅನ್ನುವುದೇ ಅರ್ಧ ಹೊಲಿಗೆಯೊಳಗೆ ಹೋಗಿದೆ, ನನಗೆ ಬೇಜಾರಾಯಿತು.

ನೀನು ಬಣ್ಣದ ಬಟ್ಟೆಯಲ್ಲಿ ಬಂದ ದಿನ ಬಾಗಿಲು ಹಾಕಿದ್ದು ನಾನು. ನಿನ್ನನ್ನು ಬಚ್ಚಿಟ್ಟೆ. ಹಾಗೆ ಮಾಡಬಾರದಿತ್ತು. ನೀನು ಒಂಬತ್ತು ವರ್ಷ ಸಿಸ್ಟರ್ ಆಗಿದ್ದಾಗ ಊರಿಗೆಲ್ಲ ಹೇಳಿಕೊಂಡು ಓಡಾಡಿದವಳು ನಾನು. ಅದು ಮುಗಿಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ದೇವರ ಹತ್ತಿರ ಕೇಳುತ್ತಿದ್ದೇನೆ ಎಂದುಕೊಂಡೆ, ನಿಜವಾಗಿ ಪಕ್ಕದವರಿಗೆ ಕೇಳಿಸಲಿ ಎಂದು ಹೇಳುತ್ತಿದ್ದೆ. ಅವರಿಗೋ ಆಗಲೇ ಗೊತ್ತಿತ್ತು. ನೋಡು ನನ್ನ ಪಾಡು.

ಅವತ್ತು ಉತ್ತರ ಹೇಳಬೇಕಾದವರು ಇಬ್ಬರು. ಒಬ್ಬರದೇ ದನಿ ಬಂತು. ನನಗೆ ಕೇಳಿಸಲಿಲ್ಲ ಎಂದುಕೊಂಡಿದ್ದೀಯಾ? ಮೂರು ವರ್ಷದಿಂದ ದಿನಾ ಸಂಜೆ ಅಷ್ಟೂ ಜನರ ನಡುವೆ ಆ ಒಂದು ದನಿ ಇಲ್ಲದ್ದು ನನಗೆ ಕೇಳಿಸುತ್ತದೆ.

ಆರನೆಯದನ್ನು ತೆಗೆದೆ, ಉಳಿದವುಗಳ ಅಂಕೆ ಬದಲಿಸಿಲ್ಲ. ದರ್ಜಿ ಮಾರನೇ ದಿನ ಒಂದು ಪರದೆ ಹೊಲಿದು ತಂದು ಕಿಟಕಿಗೆ ಹಾಕಿ ಹೋದ, ಯಾಕೆ ಎಂದು ಹೇಳಲಿಲ್ಲ. ನರ್ಸಿನದ್ದು ತೆಗೆಯಲಾ ಎಂದರೆ ಬೇಡ ಎಂದಳು, ಅವಳಿಗೆ ಅದು ರೂಢಿಯಾಗಿದೆಯಂತೆ. ಅಪ್ಪನ ಬೆರಳು ಇರಲಿ, ಆ ಮನುಷ್ಯನಿಗೆ ಈಗಲೂ ಯಂತ್ರದ ಮುಂದೆ ಎಚ್ಚರವಿಲ್ಲ.

ಒಂಬತ್ತನೆಯದನ್ನು ತೆಗೆದಿಲ್ಲ. ಹಳೆಯ ಮಾತು ಇನ್ನು ಹೇಳುವುದಿಲ್ಲ. ಹೊಸದು ಏನು ಹೇಳಬೇಕೋ ನನಗೆ ತಿಳಿಯದು, ನಿನಗೆ ಏನು ಬೇಕು ಎಂದು ನಾನು ಯಾವತ್ತೂ ಕೇಳಿದವಳಲ್ಲ. ಎಂಟನೆಯದು ಆದ ಮೇಲೆ ನಿಲ್ಲಿಸುತ್ತೇನೆ. ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಇರುತ್ತೇವೆ, ಆಮೇಲೆ ಏಳುತ್ತೇವೆ. ದಿನಾ ಹೀಗೇ ನಡೆದಿದೆ.

ಶುಕ್ರವಾರದ ಬಸ್ಸು ಸಂಜೆ ಆರೂವರೆಗೆ ಬರುತ್ತದೆ ಎಂದು ಅಪ್ಪ ನಿಲ್ದಾಣಕ್ಕೆ ಹೋಗಿ ಕೇಳಿಕೊಂಡು ಬಂದಿದ್ದಾರೆ. ಜಪ ಏಳಕ್ಕೆ. ಮೂರು ಮನೆಯವರೂ ಇರುತ್ತಾರೆ, ಬಾಗಿಲು ತೆರೆದೇ ಇರುತ್ತದೆ. ಎಂಟನೆಯದರವರೆಗೆ ನಾನು ಹೇಳುತ್ತೇನೆ. ಒಂಬತ್ತನೆಯದನ್ನು ನೀನು ಹೇಳು, ನಿನಗೆ ಏನು ಬೇಕೋ ಅದಕ್ಕೆ.

ಉತ್ತರ ನಾನು ಹೇಳುತ್ತೇನೆ.

ಅಮ್ಮ